ಬ್ರಿಟನ್ನಿನ ಮುಚ್ಚಿಹೋದ ಪುಟ್ಟ ಪಕ್ಷಗಳು: ನೆನಪಿಟ್ಟವರು ಯಾರು?

ಪಬ್ಬಿನ ಮೇಜಿನ ಮೇಲೆ ಎರಡು ಕಾಗದ. ಒಂದು ಜನನ ಪ್ರಮಾಣಪತ್ರ, ಇನ್ನೊಂದು ಮರಣ ಪ್ರಮಾಣಪತ್ರ. ಎರಡರಲ್ಲೂ ಒಂದೇ ಹೆಸರು. ಮೇಜಿನ ಆಚೆ ಕೂತಿದ್ದ ಮನುಷ್ಯನ ಹೆಸರೂ ಅದೇ. ಅಂದರೆ ದಾಖಲೆ ಪ್ರಕಾರ ಆತ ಮಗುವಾಗಿದ್ದಾಗಲೇ ತೀರಿಹೋಗಿದ್ದ.

ಇದು 1976ರ ಸುಮಾರಿನ ಲಂಡನ್. ಕಾಗದ ತಂದಿಟ್ಟವರು ‘ಬಿಗ್ ಫ್ಲೇಮ್’ ಅನ್ನುವ ಪುಟ್ಟ ಎಡಪಂಥೀಯ ಗುಂಪಿನವರು. ತಮ್ಮ ಜೊತೆ ಸೇರಲು ಬಂದ ಈ ಕಾಮ್ರೇಡ್ ಬಗ್ಗೆ ಅವರಿಗೆ ಏನೋ ಅನುಮಾನ. ಜನನ-ಮರಣದ ನೋಂದಣಿ ಪುಸ್ತಕ ತಿರುವಿ ಹಾಕಿದರು, ಸಿಕ್ಕಿಬಿಟ್ಟಿತು. ಯಾವುದೋ ಮನೆಯಲ್ಲಿ ಎಳೆಯದರಲ್ಲೇ ಸತ್ತ ಮಗುವಿನ ಹೆಸರನ್ನು ಈತ ಎತ್ತಿಕೊಂಡು ಬಂದಿದ್ದ. ಆ ಭೇಟಿಯ ನಂತರ ಆತ ಮಾಯವಾದ. ಅವನು ಮಾರುವೇಷದ ಪೊಲೀಸ್ ಅಂತ ಅಧಿಕೃತವಾಗಿ ಖಚಿತವಾಗಲು ನಾಲ್ಕು ದಶಕ ಬೇಕಾಯಿತು.

ಈಗ ಬಿಗ್ ಫ್ಲೇಮ್ ಹೆಸರು ಎಲ್ಲಾದರೂ ಬಂದರೆ ಹೆಚ್ಚಾಗಿ ಈ ಕತೆಯ ನೆಪದಲ್ಲೇ ಬರುತ್ತದೆ. ಆ ಗುಂಪು ಅಸಲಿಗೆ ಏನು ಮಾಡುತ್ತಿತ್ತು ಅಂತ ಕೇಳಿದರೆ ಬ್ರಿಟನ್ನಿನವರೇ ತಲೆ ಕೆರೆದುಕೊಳ್ಳುತ್ತಾರೆ. ಅದು 1970ರಲ್ಲಿ ಲಿವರ್‌ಪೂಲಿನಲ್ಲಿ ಶುರುವಾಯಿತು. ಹೆಸರು ಬಂದಿದ್ದು ಬಂದರಿನ ಕೂಲಿಕಾರರ ಬಗ್ಗೆ ಬಿಬಿಸಿ 1969ರಲ್ಲಿ ತೋರಿಸಿದ ಒಂದು ಟಿವಿ ನಾಟಕದಿಂದ. ಊರಾಚೆ ಹೇಲ್‌ವುಡ್‌ನಲ್ಲಿ ಫೋರ್ಡ್ ಕಾರ್ಖಾನೆ ಇತ್ತು. ಅದರ ಗೇಟಿನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಇವರು ಕರಪತ್ರ ಹಿಡಿದು ನಿಲ್ಲುತ್ತಿದ್ದರು. ಕಾರ್ಮಿಕರಿಗೆ ಪಾಠ ಹೇಳುವ ಮೊದಲು ಅವರ ಮಾತು ಕೇಳಿಸಿಕೊಳ್ಳಬೇಕು ಅನ್ನೋದು ಅವರ ನಿಲುವು. ಆಗಿನ ಇಟಲಿಯ ಕಾರ್ಖಾನೆ ಚಳವಳಿಗಳಿಂದ ಕಲಿತ ಪಾಠ ಅದು. 1984ರ ಹೊತ್ತಿಗೆ ಅಂಗಡಿ ಮುಚ್ಚಿತು.

ಇಂಥ ಗುಂಪುಗಳು ಬ್ರಿಟನ್ನಿನಲ್ಲಿ ಒಂದಲ್ಲ, ಎರಡಲ್ಲ. ಇಪ್ಪತ್ತನೇ ಶತಮಾನದಲ್ಲಿ ಹುಟ್ಟಿ, ಒಡೆದು, ಹೆಸರು ಬದಲಿಸಿ, ಮತ್ತೆ ಒಡೆದು, ಸದ್ದಿಲ್ಲದೆ ಮುಗಿದವು ಹತ್ತಾರು. ಯಾವುದೂ ಕ್ರಾಂತಿ ಮಾಡಲಿಲ್ಲ. ಸಂಸತ್ತಿಗೆ ತಮ್ಮದೇ ಹೆಸರಿನಲ್ಲಿ ಒಬ್ಬರನ್ನು ಕಳಿಸಿದವೂ ತೀರಾ ಕಮ್ಮಿ. ಹಾಗಿದ್ದ ಮೇಲೆ ಇವನ್ನು ಯಾಕೆ ನೆನಪಿಡಬೇಕು? ನನಗೆ ಅದಕ್ಕಿಂತ ಕುತೂಹಲ ಇರೋದು ಇನ್ನೊಂದು ಪ್ರಶ್ನೆಯ ಬಗ್ಗೆ. ಇವನ್ನು ಯಾರು ನೆನಪಿಟ್ಟಿದ್ದಾರೆ, ಏನಂತ ನೆನಪಿಟ್ಟಿದ್ದಾರೆ? ಜೋಕು ಮಾಡುವವರು ಒಡಕನ್ನು ನೆನಪಿಟ್ಟರು. ಪೊಲೀಸರು ಮನೆ ವಿಳಾಸ ನೆನಪಿಟ್ಟರು. ಅವರು ಮಾಡಿದ ಕೆಲಸ ಮಾತ್ರ ಎಲ್ಲೋ ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯಲ್ಲಿ ಉಳಿಯಿತು.

ಮೊದಲು ಒಡಕಿನ ವಿಷಯ, ಯಾಕೆಂದರೆ ಎಲ್ಲರಿಗೂ ಗೊತ್ತಿರೋದು ಅದೇ. 1979ರ ಒಂದು ಬ್ರಿಟಿಷ್ ಹಾಸ್ಯಚಿತ್ರದಲ್ಲಿ ರೋಮನ್ನರ ವಿರುದ್ಧ ಹೋರಾಡೋ ಗುಂಪುಗಳು ರೋಮನ್ನರಿಗಿಂತ ಜಾಸ್ತಿ ಒಂದನ್ನೊಂದು ದ್ವೇಷಿಸುತ್ತವೆ. ಆ ಜೋಕು ಯಾರ ಮೇಲೆ ಅಂತ ಆಗಿನ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ.

ವಂಶವೃಕ್ಷ ಹೀಗಿದೆ. 1920ರಲ್ಲಿ ಗ್ರೇಟ್ ಬ್ರಿಟನ್ ಕಮ್ಯುನಿಸ್ಟ್ ಪಕ್ಷ ಹುಟ್ಟಿತು. ಇದು ತಕ್ಕಮಟ್ಟಿಗೆ ದೊಡ್ಡ ಮನೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಸದಸ್ಯರ ಸಂಖ್ಯೆ 50,000 ದಾಟಿತ್ತು. ಮುಂಬಯಿಯ ಪಾರ್ಸಿ ಶಾಪೂರ್ಜಿ ಸಕ್ಲಾತ್‌ವಾಲಾ ಲಂಡನ್ನಿನ ಬ್ಯಾಟರ್‌ಸೀ ಕ್ಷೇತ್ರದಿಂದ 1924ರಲ್ಲಿ ಗೆದ್ದಿದ್ದು ಈ ಪಕ್ಷದಿಂದಲೇ. 1956ರಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಗೆ ನುಗ್ಗಿದಾಗ ಸಾವಿರಾರು ಜನ ಸದಸ್ಯತ್ವದ ಚೀಟಿ ಹರಿದು ಹೊರಬಂದರು. 1991ರಲ್ಲಿ ಪಕ್ಷ ತನ್ನನ್ನು ತಾನೇ ವಿಸರ್ಜಿಸಿಕೊಂಡಿತು.

ಈ ಮನೆಯಿಂದ ಹೊರಬಿದ್ದವರ ಕತೆಯೇ ಗೋಜಲು. 1932ರಲ್ಲಿ ಲಂಡನ್ನಿನ ಬ್ಯಾಲಮ್ ಬಡಾವಣೆಯ ಕೆಲವರನ್ನು ಪಕ್ಷ ಹೊರಹಾಕಿತು. ಅವರ ತಪ್ಪು, ರಷ್ಯಾ ಕ್ರಾಂತಿಯ ನಾಯಕನಾಗಿದ್ದೂ ಸ್ಟಾಲಿನ್ ಹೊರದಬ್ಬಿದ ಟ್ರಾಟ್ಸ್‌ಕಿಯ ಮಾತಿನಲ್ಲಿ ಹುರುಳಿದೆ ಅಂದಿದ್ದು. ಬ್ರಿಟನ್ನಿನ ಟ್ರಾಟ್ಸ್‌ಕಿವಾದಿಗಳ ಮೊದಲ ಗುಂಪು ಅದೇ. ಹನ್ನೆರಡು ವರ್ಷ ಒಡೆದು-ಸೇರಿ, ಒಡೆದು-ಸೇರಿ, 1944ರಲ್ಲಿ ಎಲ್ಲರೂ ಒಂದೇ ಸೂರಿನಡಿ ಬಂದರು. ಹೆಸರು ರೆವಲ್ಯೂಷನರಿ ಕಮ್ಯುನಿಸ್ಟ್ ಪಾರ್ಟಿ. ಮರುವರ್ಷ ವೇಲ್ಸ್‌ನ ನೀತ್ ಉಪಚುನಾವಣೆಗೆ ನಿಂತರು, 1,781 ಮತ ಬಂತು. 1949ರಲ್ಲಿ ಪಕ್ಷವೇ ಇಲ್ಲ.

ಆದರೆ ಆ ಐದು ವರ್ಷದ ಮನೆಯಿಂದ ಮೂರು ಕವಲು ಹೊರಟವು, ಮೂರಕ್ಕೂ ಒಬ್ಬೊಬ್ಬ ಯಜಮಾನ. ಐರ್ಲೆಂಡಿನಿಂದ ಬಂದ ಜೆರ್ರಿ ಹೀಲಿ. ಪ್ಯಾಲೆಸ್ಟೈನಿನಿಂದ ಬಂದ ಟೋನಿ ಕ್ಲಿಫ್. ದಕ್ಷಿಣ ಆಫ್ರಿಕಾದಿಂದ ಬಂದ ಟೆಡ್ ಗ್ರಾಂಟ್. ಮುಂದಿನ ಐವತ್ತು ವರ್ಷ ಬ್ರಿಟನ್ನಿನ ಟ್ರಾಟ್ಸ್‌ಕಿವಾದಿ ಗುಂಪುಗಳಲ್ಲಿ ಹೆಚ್ಚಿನವು ಈ ಮೂವರ ಮಕ್ಕಳು, ಮೊಮ್ಮಕ್ಕಳು, ಇಲ್ಲವೇ ಮನೆಬಿಟ್ಟು ಹೋದ ಅಳಿಯಂದಿರು.

ಜಗಳ ಯಾವುದಕ್ಕೆ? ಹೊರಗಿನಿಂದ ನೋಡಿದರೆ ಹುಚ್ಚಾಟ ಅನಿಸುತ್ತದೆ. ಒಳಗೆ ಹೋಗಿ ನೋಡಿದರೆ ಅಷ್ಟು ಹುಚ್ಚಲ್ಲ. ಎಲ್ಲದರ ಬುಡದಲ್ಲಿದ್ದ ಪ್ರಶ್ನೆ: ಸೋವಿಯತ್ ರಷ್ಯಾ ಅಂದರೆ ಏನು? ಕಮ್ಯುನಿಸ್ಟ್ ಪಕ್ಷದ ಉತ್ತರ ಸರಳ, ಅದು ಸಮಾಜವಾದ. ಟ್ರಾಟ್ಸ್‌ಕಿಯ ಉತ್ತರ ಬೇರೆ. ಮನೆ ಕಾರ್ಮಿಕರೇ ಕಟ್ಟಿದ್ದು, ಆದರೆ ಲೆಕ್ಕ ಬರೆಯಲು ಇಟ್ಟುಕೊಂಡ ಗುಮಾಸ್ತ ಯಜಮಾನನಾಗಿ ಕೂತುಬಿಟ್ಟಿದ್ದಾನೆ. ಗುಮಾಸ್ತನನ್ನು ಓಡಿಸಿ, ಮನೆ ಕೆಡವಬೇಡಿ. ಟೋನಿ ಕ್ಲಿಫ್ ಇದನ್ನೂ ಒಪ್ಪಲಿಲ್ಲ. ಕಾರ್ಖಾನೆಯ ಮೇಲೆ ಕಾರ್ಮಿಕನಿಗೆ ಹಿಡಿತವೇ ಇಲ್ಲ ಅಂದಮೇಲೆ ಮಾಲೀಕ ಸೇಠ್ ಆದರೇನು, ಸರ್ಕಾರ ಆದರೇನು? ಅದೂ ಬಂಡವಾಳಶಾಹಿಯೇ, ಸರ್ಕಾರಿ ಬಂಡವಾಳಶಾಹಿ ಅಂದರು.

ಬರೀ ತತ್ವದ ಮಾತು ಅಲ್ವಾ? 1950ರವರೆಗೆ ಇರಬಹುದು. ಆ ವರ್ಷ ಕೊರಿಯಾ ಯುದ್ಧ ಶುರುವಾಯಿತು. ಗುಮಾಸ್ತನ ಸಿದ್ಧಾಂತ ಒಪ್ಪಿದವರು ರಷ್ಯಾ ಬೆಂಬಲದ ಉತ್ತರ ಕೊರಿಯಾ ಪರ ನಿಲ್ಲಬೇಕು. ಕ್ಲಿಫ್ ಮಾತು ಒಪ್ಪಿದವರು ಎರಡೂ ಕಡೆ ಬೇಡ ಅನ್ನಬೇಕು. ಒಂದೇ ಕರಪತ್ರದಲ್ಲಿ ಎರಡೂ ಬರೆಯೋಕೆ ಆಗೋದಿಲ್ಲ. ಕ್ಲಿಫ್ ಕಡೆಯವರನ್ನು ಹೀಲಿ ಹೊರದಬ್ಬಿದರು. ಹೊರಬಂದವರು ಹೊಸ ಗುಂಪು ಕಟ್ಟಿದಾಗ ಇದ್ದವರು 33 ಜನ.

33 ಜನಕ್ಕೆ ಒಂದು ಪಕ್ಷ, ಒಂದು ಪತ್ರಿಕೆ, ಒಂದು ಕೇಂದ್ರ ಸಮಿತಿ. ನಗು ಬರುತ್ತೆ. ಆದರೆ ಅವರ ತಲೆಯಲ್ಲಿ ಓಡುತ್ತಿದ್ದ ಲೆಕ್ಕ ಬೇರೆ. 1917ರಲ್ಲಿ ಕ್ರಾಂತಿ ಮಾಡಿದ ರಷ್ಯಾದ ಬೊಲ್ಶೆವಿಕರೂ ಒಂದು ಕಾಲಕ್ಕೆ ಬೆರಳೆಣಿಕೆಯವರೇ ಇದ್ದರು. ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದ್ದಕ್ಕೆ ಜನ ಅವರ ಹಿಂದೆ ಬಂದರು. ಹಾಗಾಗಿ ಈಗ ಎಷ್ಟು ಜನ ಇದ್ದೀವಿ ಅನ್ನೋದು ಮುಖ್ಯ ಅಲ್ಲ, ನಮ್ಮ ಮಾತು ಸರಿಯಾಗಿರಬೇಕು ಅನ್ನೋದು ಮುಖ್ಯ. ಈ ಒಂದು ನಂಬಿಕೆ ಹಿಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಚಿಕ್ಕದಾಗಿರೋದು ಸೋಲಲ್ಲ. ತಪ್ಪು ಮಾತಿನ ಜೊತೆ ರಾಜಿ ಮಾಡಿಕೊಳ್ಳೋದು ಸೋಲು.

ಅದಕ್ಕೆ ಸೇರಿಕೊಂಡಿದ್ದು ಪಕ್ಷ ನಡೆಸುವ ನಿಯಮ. ಒಳಗೆ ಎಷ್ಟು ಬೇಕಾದರೂ ವಾದ ಮಾಡಿ, ಮತ ಹಾಕಿದ ಮೇಲೆ ಎಲ್ಲರದ್ದೂ ಒಂದೇ ದನಿ. ಸಾವಿರಾರು ಜನರ ಪಕ್ಷದಲ್ಲಿ ಸೋತವರು ಮುಂದಿನ ಸಮ್ಮೇಳನಕ್ಕೆ ಕಾಯುತ್ತಾರೆ. ನಲವತ್ತು ಜನರ ಪಕ್ಷದಲ್ಲಿ ಸೋತ ಹನ್ನೆರಡು ಜನ ಎದ್ದು ಪಕ್ಕದ ಪಬ್ಬಿಗೆ ಹೋಗಿ ಇನ್ನೊಂದು ಪಕ್ಷ ಕಟ್ಟುತ್ತಾರೆ. ನಮ್ಮ ಕೂಡುಕುಟುಂಬಗಳು ಪಾಲಾಗೋದನ್ನು ನೋಡಿದವರಿಗೆ ಇದು ಹೊಸತಲ್ಲ. ಹೊಲ ಹಂಚಬಹುದು, ಪಾತ್ರೆ ಹಂಚಬಹುದು. ದೇವರ ಪೆಟ್ಟಿಗೆ ಯಾರ ಪಾಲಿಗೆ ಅನ್ನೋದಕ್ಕೆ ಬಂದಾಗಲೇ ತಲೆ ಒಡೆಯೋದು. ಇಲ್ಲಿ ಹೊಲವೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ಇದ್ದಿದ್ದು ಬರೀ ದೇವರ ಪೆಟ್ಟಿಗೆ.

ಹೆಸರಿನ ಗೊಂದಲ ಬೇರೆ. ರೆವಲ್ಯೂಷನರಿ ಕಮ್ಯುನಿಸ್ಟ್ ಪಾರ್ಟಿ ಅಂದೆನಲ್ಲ, ಆ ಹೆಸರಿನ ಪಕ್ಷ ಬ್ರಿಟನ್ನಿನಲ್ಲಿ ಮೂರು ಸಲ ಹುಟ್ಟಿದೆ. 1944ರಲ್ಲಿ ಒಂದು. 1981ರಲ್ಲಿ ಅದಕ್ಕೂ ಇದಕ್ಕೂ ಸಂಘಟನೆಯ ನಂಟೇ ಇಲ್ಲದ ಇನ್ನೊಂದು. 2024ರಲ್ಲಿ ಟೆಡ್ ಗ್ರಾಂಟ್ ಪರಂಪರೆಯವರದ್ದು ಮೂರನೆಯದು. ಹಳೇ ಕರಪತ್ರ ಕೈಗೆ ಸಿಕ್ಕರೆ ಮೊದಲು ಅದು ಯಾವ ಕಾಲದ್ದು ಅಂತ ನೋಡಿಕೊಳ್ಳಬೇಕು.

ಕಾಲ ತಿಳಿಯೋದೇ ಕಷ್ಟ. ‘ಬರುವ ಮಂಗಳವಾರ ಸಂಜೆ ಏಳೂವರೆಗೆ ಸಭೆ, ಎಲ್ಲರೂ ಬನ್ನಿ’ ಅಂತ ಇರುತ್ತೆ. ಯಾವ ವರ್ಷದ ಮಂಗಳವಾರ? ಬರೆದವನಿಗೆ ಅದರ ಅಗತ್ಯ ಇರಲಿಲ್ಲ. ಓದುವವನು ನಾಳೆ ಬೆಳಿಗ್ಗೆ ಗೇಟಿನಲ್ಲಿ ಸಿಗುವ ಮನುಷ್ಯ, ಐವತ್ತು ವರ್ಷ ಆದಮೇಲೆ ಬರುವ ಸಂಶೋಧಕ ಅಲ್ಲ. ಸಹಿ ಇದ್ದರೂ ನಂಬೋ ಹಾಗಿಲ್ಲ. ಟೋನಿ ಕ್ಲಿಫ್ ಅಸಲು ಹೆಸರು ಯಿಗೇಲ್ ಗ್ಲುಕ್‌ಸ್ಟೈನ್. ಟೆಡ್ ಗ್ರಾಂಟ್ ಹುಟ್ಟಿದ್ದು ಐಸಾಕ್ ಬ್ಲಾಂಕ್ ಆಗಿ. ಒಬ್ಬನಿಗೇ ಎರಡು ಮೂರು ಕಳ್ಳಹೆಸರು ಇರುತ್ತಿದ್ದವು.

ಆ ಕಾಗದಗಳನ್ನು ಕೈಯಲ್ಲಿ ಹಿಡಿದರೆ ನಮ್ಮಲ್ಲೂ ಐವತ್ತು ದಾಟಿದವರಿಗೆ ಒಂದು ವಾಸನೆ ನೆನಪಾಗುತ್ತೆ. ಸೈಕ್ಲೋಸ್ಟೈಲ್! ಶಾಲೆಯ ಪ್ರಶ್ನೆಪತ್ರಿಕೆ ಬರುತ್ತಿತ್ತಲ್ಲ, ಅದೇ ಯಂತ್ರ. ಟೈಪ್‌ರೈಟರಿನ ರಿಬ್ಬನ್ ಸರಿಸಿ ಮೇಣದ ಹಾಳೆಯ ಮೇಲೆ ಟೈಪ್ ಮಾಡಬೇಕು. ಅಕ್ಷರ ಮೇಣವನ್ನು ಕತ್ತರಿಸುತ್ತೆ. ಜಾಸ್ತಿ ಜೋರಾಗಿ ಹೊಡೆದರೆ ಇಂಗ್ಲಿಷಿನ ‘ಒ’ ಅಕ್ಷರದ ಹೊಟ್ಟೆ ಪೂರ್ತಿ ಉದುರಿ ದುಂಡಗಿನ ತೂತಾಗುತ್ತೆ, ಅಚ್ಚಿನಲ್ಲಿ ಅದು ಕಪ್ಪು ಚುಕ್ಕೆ. ತಪ್ಪಾದರೆ ಉಗುರುಬಣ್ಣದಂಥ ದ್ರವ ಹಚ್ಚಿ, ಒಣಗಿಸಿ, ಮತ್ತೆ ಟೈಪ್ ಮಾಡಬೇಕು. ಆಮೇಲೆ ಹಾಳೆಯನ್ನು ಉರುಳೆಗೆ ಸುತ್ತಿ, ಶಾಯಿ ತುಂಬಿ, ಹಿಡಿಕೆ ತಿರುಗಿಸುತ್ತಾ ಕೂರೋದು. ಶಾಯಿ ಕಡಿಮೆಯಾದರೆ ಅಕ್ಷರ ಮಂಕು, ಜಾಸ್ತಿಯಾದರೆ ಕೈಯೆಲ್ಲ ಮಸಿ. ಈ ಯಂತ್ರಕ್ಕೆ ಹೆಸರಾದ ಗೆಸ್ಟೆಟ್ನರ್ ಕಂಪನಿಯ ಕಾರ್ಖಾನೆ ಇದ್ದಿದ್ದು ಉತ್ತರ ಲಂಡನ್ನಿನ ಟಾಟ್ನಮ್‌ನಲ್ಲಿ. ಕ್ರಾಂತಿಕಾರಿಗಳ ಅಡುಗೆಮನೆಗೆ ಅಲ್ಲಿಂದ ದೂರವೇನಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಮುಗಿದ ಕರಪತ್ರ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ. ಹೊರಗಿನವರ ಜೋಕಿಗೆ ಸಿಗದ ಬದುಕು ಇದು. ಸಿದ್ಧಾಂತದ ಜಗಳ ವರ್ಷಕ್ಕೊಮ್ಮೆ ಸಮ್ಮೇಳನದಲ್ಲಿ ಆಗುತ್ತಿತ್ತು. ವಾರದ ಉಳಿದ ದಿನ ಕರಪತ್ರ ಹಂಚುವುದು, ಶನಿವಾರ ಪೇಟೆಬೀದಿಯಲ್ಲಿ ಪತ್ರಿಕೆ ಮಾರುವುದು, ಮುಷ್ಕರ ನಿಧಿಗೆ ಡಬ್ಬಿ ಹಿಡಿಯುವುದು. 1970ರ ದಶಕದಲ್ಲಿ ಈ ಕೆಲಸಕ್ಕೆ ಕೇಳುವ ಕಿವಿಗಳೂ ಇದ್ದವು. 1979ರಲ್ಲಿ ಬ್ರಿಟನ್ನಿನ ಕಾರ್ಮಿಕ ಸಂಘಗಳಲ್ಲಿ 1.3 ಕೋಟಿಯಷ್ಟು ಸದಸ್ಯರಿದ್ದರು. ಆ ಒಂದೇ ವರ್ಷ ಮುಷ್ಕರಗಳಿಂದ ನಿಂತ ಕೆಲಸದ ಲೆಕ್ಕ 2.9 ಕೋಟಿ ದಿನ ದಾಟಿತು. ಅದೇ ವರ್ಷ ಥ್ಯಾಚರ್ ಪ್ರಧಾನಿಯಾದರು, 1985ರಲ್ಲಿ ಗಣಿ ಕಾರ್ಮಿಕರ ವರ್ಷದ ಮುಷ್ಕರ ಸೋತಿತು, ಕಾರ್ಖಾನೆಗಳೇ ಮುಚ್ಚಿದವು. ಗೇಟೇ ಇಲ್ಲದ ಮೇಲೆ ಕರಪತ್ರ ಯಾರಿಗೆ?

ನನಗೆ ತುಂಬಾ ಇಷ್ಟದ ಗುಂಪು ಅಂದರೆ ‘ಸಾಲಿಡಾರಿಟಿ’. ಇವರು 1960ರಲ್ಲಿ ಹೀಲಿಯ ಗರಡಿಯಿಂದ ಹೊರಬಂದವರು. ಇವರ ತಕರಾರು ಬುಡಕ್ಕೇ ಕೈ ಹಾಕಿತು. ಯಜಮಾನನನ್ನು ಬದಲಿಸಿದರೆ ಸಾಲದು, ಆಜ್ಞೆ ಕೊಡುವವರು ಮತ್ತು ಪಾಲಿಸುವವರು ಅನ್ನೋ ಭಾಗವೇ ಹೋಗಬೇಕು, ಅದು ಕಾರ್ಖಾನೆಯಲ್ಲಾಗಲಿ, ಕ್ರಾಂತಿಕಾರಿ ಪಕ್ಷದಲ್ಲಾಗಲಿ ಅಂದರು. ಇವರ ಮುಖ್ಯ ಬರಹಗಾರ ಮಾರಿಸ್ ಬ್ರಿಂಟನ್. 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿದ್ದು ವಿದ್ಯಾರ್ಥಿ-ಕಾರ್ಮಿಕರ ದಂಗೆಯನ್ನು ಕಣ್ಣಾರೆ ಕಂಡು ಬರೆದವರು.

ಮಾರಿಸ್ ಬ್ರಿಂಟನ್ ಅನ್ನೋ ಮನುಷ್ಯ ಇರಲೇ ಇಲ್ಲ. ಅದು ಕ್ರಿಸ್ಟಫರ್ ಪ್ಯಾಲಿಸ್ ಅವರ ಕಳ್ಳಹೆಸರು. ಗ್ರೀಕ್ ಮೂಲದ ಮನೆತನ, ಹುಟ್ಟಿದ್ದು 1923ರಲ್ಲಿ ಮುಂಬಯಿಯಲ್ಲಿ. ಹಗಲು ಹೊತ್ತು ಅವರು ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ನರರೋಗ ತಜ್ಞ. ಅಂಗಾಂಗ ದಾನದ ಸುದ್ದಿಯಲ್ಲಿ ‘ಮೆದುಳು ನಿಷ್ಕ್ರಿಯ’ ಅಂತ ಓದುತ್ತೀವಲ್ಲ, ಹೃದಯ ಬಡಿಯುತ್ತಿದ್ದರೂ ಮನುಷ್ಯ ಸತ್ತಿದ್ದಾನೆ ಅಂತ ವೈದ್ಯರು ಹೇಗೆ ನಿರ್ಧರಿಸಬೇಕು ಅನ್ನೋದನ್ನು ಬ್ರಿಟನ್ನಿನ ವೈದ್ಯರಿಗೆ ತಿಳಿಯಾಗಿ ಬರೆದುಕೊಟ್ಟವರಲ್ಲಿ ಮುಖ್ಯರು ಇವರೇ. ಕ್ರಾಂತಿ ಬಗ್ಗೆ ಬರೆದ ಪುಸ್ತಿಕೆಗಳನ್ನು ಓದಿದವರು ಸಾವಿರಗಳಲ್ಲಿ ಇರಬಹುದು. ಸಾವಿನ ಬಗ್ಗೆ ಬರೆದದ್ದು ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಬಂತು. ಎರಡೂ ಒಂದೇ ಕೈಬರಹ ಅಂತ ಬಹುಪಾಲು ಓದುಗರಿಗೆ ಗೊತ್ತಿರಲಿಲ್ಲ.

ಕೆಲವರಿಗಂತೂ ನೆನಪೇ ಅಪಾಯ. 1963ರ ಶುರುವಿನಲ್ಲಿ ಅಣುಬಾಂಬ್ ವಿರೋಧಿ ಚಳವಳಿಯ ಕೆಲವರು ರೆಡಿಂಗ್ ಊರಿನ ಹತ್ತಿರ ವಾರನ್ ರೋ ಅನ್ನೋ ಹಳ್ಳಿಗೆ ಹೋದರು. ಅಲ್ಲೊಂದು ನೆಲಮಾಳಿಗೆ. ಒಳಗೆ ನುಗ್ಗಿ ನೋಡಿದರೆ, ಅಣುಯುದ್ಧ ಆದರೆ ಆ ಪ್ರಾಂತ್ಯವನ್ನು ಆಳೋಕೆ ಸರ್ಕಾರ ಗುಟ್ಟಾಗಿ ಕಟ್ಟಿಟ್ಟ ಕಚೇರಿ. ಜನ ಮೇಲೆ ಸುಟ್ಟುಹೋದರೂ ಅಧಿಕಾರಿಗಳು ಕೆಳಗೆ ಕೂತು ಕಡತ ನೋಡಬಹುದು. ಆ ಈಸ್ಟರ್ ಹಬ್ಬದ ವಾರ ‘ಸ್ಪೈಸ್ ಫಾರ್ ಪೀಸ್’ ಹೆಸರಿನಲ್ಲಿ ಸಾವಿರಾರು ಪುಸ್ತಿಕೆ ಹೊರಬಂತು, ಅದರಲ್ಲಿ ನೆಲಮಾಳಿಗೆಯ ವಿವರವೆಲ್ಲ ಇತ್ತು. ಅಣುಬಾಂಬ್ ವಿರುದ್ಧದ ಆಲ್ಡರ್‌ಮಾಸ್ಟನ್ ಮೆರವಣಿಗೆಯಲ್ಲಿ ಹೊರಟಿದ್ದ ನೂರಾರು ಜನ ದಾರಿ ಬಿಟ್ಟು ಸೀದಾ ಆ ಹಳ್ಳಿಗೆ ನಡೆದರು. ದೇಶವೇ ಗದ್ದಲ ಎಬ್ಬಿಸಿತು. ಮಾಡಿದವರು ಟೈಪ್‌ರೈಟರನ್ನು ನದಿಗೆ ಎಸೆದು ಸುಮ್ಮನಾದರು. ಪೊಲೀಸರಿಗೆ ಒಬ್ಬರೂ ಸಿಗಲಿಲ್ಲ. ಬರಹಗಾರ ನಿಕೊಲಸ್ ವಾಲ್ಟರ್ ಅವರಲ್ಲೊಬ್ಬರು ಅಂತ ಹೊರಬಿದ್ದದ್ದು ಅವರು ತೀರಿಹೋದ ಮೇಲೆ, 2002ರಲ್ಲಿ, ಮಗಳು ಬರೆದಾಗ. ಈ ಗುಂಪಿಗೆ ಸಮ್ಮೇಳನ ಇಲ್ಲ, ಸದಸ್ಯರ ಪಟ್ಟಿ ಇಲ್ಲ, ಒಡಕೂ ಇಲ್ಲ. ಒಂದೇ ಕೆಲಸ ಮಾಡಿ ಮುಗಿದುಹೋಯಿತು.

ಹೀಗೆ ಹೇಳುತ್ತಾ ಹೋದರೆ ಎಲ್ಲರೂ ಒಳ್ಳೆಯವರು ಅನಿಸಿಬಿಡುತ್ತೆ. ಹಾಗೇನಿಲ್ಲ. ಹೀಲಿಯ ಪಕ್ಷ 1973ರಿಂದ ವರ್ಕರ್ಸ್ ರೆವಲ್ಯೂಷನರಿ ಪಾರ್ಟಿ ಆಯಿತು. ದಿನಪತ್ರಿಕೆ ನಡೆಸುತ್ತಿತ್ತು. ನಟಿ ವನೆಸ್ಸಾ ರೆಡ್‌ಗ್ರೇವ್ ಸದಸ್ಯೆ. 1979ರ ಚುನಾವಣೆಯಲ್ಲಿ 60 ಕಡೆ ಅಭ್ಯರ್ಥಿ ನಿಲ್ಲಿಸಿತು. 1985ರಲ್ಲಿ, ಹೀಲಿ ಪಕ್ಷದ ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದಾರೆ ಅನ್ನೋ ಆರೋಪದ ಮೇಲೆ ಪಕ್ಷವೇ ಅವರನ್ನು ಹೊರಹಾಕಿತು. ಮರುಘಳಿಗೆಯಿಂದ ಪಕ್ಷ ಚೂರುಚೂರು. ‘ಕ್ರಾಂತಿ ನಾಳೆಯೇ ಇದೆ, ಇವತ್ತು ಪ್ರಶ್ನೆ ಕೇಳಬೇಡ’ ಅನ್ನೋ ವಾತಾವರಣದಲ್ಲಿ ಒಬ್ಬ ಮನುಷ್ಯ ಎಷ್ಟು ವರ್ಷ ಏನು ಬೇಕಾದರೂ ಮಾಡಬಹುದು ಅನ್ನೋದಕ್ಕೆ ಇದಕ್ಕಿಂತ ಕೆಟ್ಟ ಉದಾಹರಣೆಯೂ ಇದೆ. ಕೇರಳದಲ್ಲಿ ಹುಟ್ಟಿ ಸಿಂಗಪುರದಲ್ಲಿ ಬೆಳೆದ ಅರವಿಂದನ್ ಬಾಲಕೃಷ್ಣನ್ 1974ರಲ್ಲಿ ಒಂದು ಮಾವೋವಾದಿ ಪಕ್ಷದಿಂದ ಹೊರಬಿದ್ದು ತಮ್ಮದೇ ಪುಟ್ಟ ಗುಂಪು ಕಟ್ಟಿದರು. ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಮಾವೋ ಹೆಸರಿನ ಕೇಂದ್ರ ತೆರೆದರು. 1978ರಲ್ಲಿ ಪೊಲೀಸರು ಅದರ ಮೇಲೆ ದಾಳಿ ಮಾಡಿದ ಮೇಲೆ ಜನ ಆ ಗುಂಪನ್ನು ಮರೆತರು. 2013ರಲ್ಲಿ ಮೂವರು ಹೆಂಗಸರು ಆ ಗುಂಪಿನ ಮನೆಯಿಂದ ಹೊರಬಂದಾಗ ಗೊತ್ತಾಯಿತು, ಗುಂಪು ಮುಗಿದಿರಲಿಲ್ಲ, ಬಾಗಿಲು ಹಾಕಿಕೊಂಡಿತ್ತು ಅಷ್ಟೇ. ಗುಂಪಿನೊಳಗೇ ಹುಟ್ಟಿದ ಬಾಲಕೃಷ್ಣನ್ ಅವರ ಸ್ವಂತ ಮಗಳಿಗೆ ಮೂವತ್ತು ವರ್ಷ ಹೊರಜಗತ್ತೇ ಇರಲಿಲ್ಲ. 2016ರಲ್ಲಿ ಆತನಿಗೆ 23 ವರ್ಷ ಶಿಕ್ಷೆ ಆಯಿತು, 2022ರಲ್ಲಿ ಜೈಲಿನಲ್ಲೇ ಸಾವು. ಸತ್ತ ಗುಂಪುಗಳನ್ನು ಬರೀ ತಮಾಷೆಯಾಗಿ ನೆನೆಯೋದರಲ್ಲಿ ಇರುವ ತೊಂದರೆ ಇದೇ. ನಗುತ್ತಾ ಇದ್ದವರು ಯಾರೂ ಆ ಬಾಗಿಲು ತಟ್ಟಲಿಲ್ಲ.

ಗುಂಪು ಹೋದಮೇಲೆ ಜನ ಎಲ್ಲಿ ಹೋದರು? ಹೆಚ್ಚಿನವರು ಮೇಷ್ಟರು, ನರ್ಸು, ವಕೀಲ, ಯೂನಿಯನ್ ಪದಾಧಿಕಾರಿ ಆದರು. ಕೆಲವರ ದಾರಿ ವಿಚಿತ್ರ. 1981ರ ರೆವಲ್ಯೂಷನರಿ ಕಮ್ಯುನಿಸ್ಟ್ ಪಾರ್ಟಿ ಅಂದೆನಲ್ಲ, ಸಮಾಜಶಾಸ್ತ್ರಜ್ಞ ಫ್ರಾಂಕ್ ಫುರೆಡಿ ಅದರ ಮುಖ್ಯ ತಲೆ. 1990ರ ದಶಕದಲ್ಲಿ ಪಕ್ಷ ಮುಚ್ಚಿತು. ಅವರ ಪತ್ರಿಕೆ 2000ದಲ್ಲಿ ಮಾನನಷ್ಟ ಮೊಕದ್ದಮೆ ಸೋತು ನಿಂತಿತು. ಅದೇ ಪಕ್ಷದಲ್ಲಿದ್ದ ಕ್ಲೇರ್ ಫಾಕ್ಸ್ 2019ರಲ್ಲಿ ಬಲಪಂಥೀಯ ಬ್ರೆಕ್ಸಿಟ್ ಪಕ್ಷದಿಂದ ಐರೋಪ್ಯ ಸಂಸತ್ತಿಗೆ ಹೋದರು, ಮರುವರ್ಷ ಹೌಸ್ ಆಫ್ ಲಾರ್ಡ್ಸ್‌ಗೆ.

ಇಂಥ ತಿರುವಿನ ಒಂದು ಎಳೆ ಬೆಂಗಳೂರಿಗೂ ಬಂದಿದೆ. ಕೇಂಬ್ರಿಜ್‌ನಲ್ಲಿ ಓದಿದ ಫಿಲಿಪ್ ಸ್ಪ್ರಾಟ್ ಅವರನ್ನು 1926ರ ಕೊನೆಗೆ ಭಾರತಕ್ಕೆ ಕಳಿಸಿದ್ದು ಕಮ್ಯುನಿಸ್ಟರು, ಇಲ್ಲಿ ಪಕ್ಷ ಕಟ್ಟೋಕೆ. 1929ರಲ್ಲಿ ಮೀರತ್ ಪಿತೂರಿ ಮೊಕದ್ದಮೆಯಲ್ಲಿ ಸಿಕ್ಕಿಬಿದ್ದು ಜೈಲು ಸೇರಿದರು. ಜೈಲಿನಲ್ಲಿ ಓದುತ್ತಾ ಓದುತ್ತಾ ನಂಬಿಕೆ ಸಡಿಲವಾಯಿತು. ಹೊರಬಂದ ಮೇಲೆ ಮದ್ರಾಸಿನ ಹಳೆಯ ಕಮ್ಯುನಿಸ್ಟ್ ಸಿಂಗಾರವೇಲು ಅವರ ಬಂಧುವನ್ನು ಮದುವೆಯಾಗಿ ಬೆಂಗಳೂರಿನಲ್ಲಿ ನೆಲೆಸಿದರು. ಇಲ್ಲಿಂದ ಹೊರಡುತ್ತಿದ್ದ ‘ಮೈಸಿಂಡಿಯಾ’ ವಾರಪತ್ರಿಕೆಯ ಸಂಪಾದಕರಾಗಿ, ಕಮ್ಯುನಿಸಮ್ಮಿನ ವಿರುದ್ಧ ವಾರವಾರ ಬರೆದರು.

ಇನ್ನು ಪೊಲೀಸರ ನೆನಪು. 1968ರಲ್ಲಿ ಲಂಡನ್ನಿನ ಗ್ರೋವ್‌ನರ್ ಚೌಕದಲ್ಲಿ, ಅಮೆರಿಕ ರಾಯಭಾರ ಕಚೇರಿ ಮುಂದೆ, ವಿಯೆಟ್ನಾಂ ಯುದ್ಧ ವಿರೋಧಿಗಳಿಗೂ ಪೊಲೀಸರಿಗೂ ದೊಡ್ಡ ಗಲಾಟೆ ಆಯಿತು. ಅದೇ ವರ್ಷ ಒಂದು ಗುಪ್ತದಳ ಹುಟ್ಟಿತು. ಅದರ ಪೊಲೀಸರು ಗಡ್ಡ ಕೂದಲು ಬಿಟ್ಟು, ಬೇರೆ ಹೆಸರು ಹಿಡಿದು, ವರ್ಷಗಟ್ಟಲೆ ಗುಂಪುಗಳ ಒಳಗೇ ಬದುಕುತ್ತಿದ್ದರು. ದಳದ ಒಳಗೆ ಅವರಿಗೆ ‘ಕೂದಲಿನವರು’ ಅಂತಲೇ ಅಡ್ಡಹೆಸರು. 2008ರವರೆಗೆ ಇದು ನಡೆಯಿತು. ಕೆಲವರು ಮೋಸದಿಂದ ಹೆಂಗಸರ ಜೊತೆ ಸಂಬಂಧ ಬೆಳೆಸಿದ್ದು ಹೊರಬಿದ್ದಾಗ ದೇಶ ಬೆಚ್ಚಿತು. 2015ರಲ್ಲಿ ವಿಚಾರಣಾ ಆಯೋಗ ಕೂತಿತು. ಬೇಹು ನಡೆದ ಗುಂಪುಗಳ ಲೆಕ್ಕ ಸಾವಿರ ದಾಟುತ್ತದೆ. ಈ ದಳವನ್ನು ಶುರುವಿನಲ್ಲೇ ಮುಚ್ಚಬೇಕಿತ್ತು ಅನ್ನೋ ಅರ್ಥದ ಮಾತನ್ನು ಆಯೋಗ 2023ರ ಮಧ್ಯಂತರ ವರದಿಯಲ್ಲಿ ಹೇಳಿತು.

ಆಯೋಗ ಬಿಡುಗಡೆ ಮಾಡಿದ ಸಾವಿರಾರು ಪುಟ ಓದುವುದು ಒಂದು ವಿಚಿತ್ರ ಅನುಭವ. ಯಾವ ಮನೆಯಲ್ಲಿ ಸಭೆ, ಎಷ್ಟು ಜನ ಬಂದರು, ಯಾರಿಗೆ ಮಗು ಆಯಿತು, ಯಾರು ಯಾರ ಜೊತೆ ಮನೆ ಮಾಡಿದರು, ಎಲ್ಲ ಇದೆ, ತಾರೀಖಿನ ಸಮೇತ. ಗುಂಪಿನವರು ತಮ್ಮ ಕರಪತ್ರಕ್ಕೆ ವರ್ಷ ಹಾಕುವುದನ್ನು ಮರೆತರು. ಪೊಲೀಸರು ಮರೆಯಲಿಲ್ಲ. ಇತಿಹಾಸ ಬರೆಯುವವರಿಗೆ ಇದು ನಿಧಿ ಅಂತ ಕೆಲವರು ಅಂದಾರು. ನಾನು ಒಪ್ಪೋದಿಲ್ಲ. ಮೇಲಿನವರಿಗೆ ಬೇಕಾದದ್ದನ್ನು ಬರೆದ ವರದಿ ಅದು. ಸಭೆಗೆ ಎಂಟು ಜನ ಬಂದರು ಅಂತ ಇರುತ್ತೆ. ಆ ಎಂಟು ಜನ ಮಳೆಯಲ್ಲಿ ನೆನೆದು ಯಾಕೆ ಬಂದರು ಅನ್ನೋದು ಇರೋದಿಲ್ಲ.

ಕೆಲಸ ಉಳಿಯೋದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. 1970ರ ದಶಕದಲ್ಲಿ ‘ರೇಸ್ ಟುಡೇ’ ಅನ್ನೋ ಪತ್ರಿಕೆಯ ಸುತ್ತ ಬ್ರಿಕ್ಸ್‌ಟನ್‌ನಲ್ಲಿ ಕಪ್ಪು ಮತ್ತು ಏಷ್ಯನ್ ಹೋರಾಟಗಾರರ ಪುಟ್ಟ ಗುಂಪಿತ್ತು. ಡಾರ್ಕಸ್ ಹೋವ್ ಸಂಪಾದಕ, ಜೊತೆಗೆ ಭಾರತದಿಂದ ಹೋದ ಮಾಲಾ ಸೇನ್, ಫಾರೂಖ್ ಧೊಂಡಿ. ಆಗ ಪೂರ್ವ ಲಂಡನ್ನಿನಲ್ಲಿ ಬಂಗಾಳಿ ಕುಟುಂಬಗಳಿಗೆ ಸರ್ಕಾರಿ ಮನೆ ಸಿಗುತ್ತಿರಲಿಲ್ಲ. ಸಿಕ್ಕರೂ ಜನಾಂಗದ್ವೇಷಿಗಳ ಹೊಡೆತ ತಿನ್ನಬೇಕಾದ ಬಡಾವಣೆಯಲ್ಲಿ. ಇತ್ತ ಖಾಲಿ ಕಟ್ಟಡಗಳು ಸಾಲುಸಾಲು. ಈ ಗುಂಪಿನ ನೆರವಿನಿಂದ 1976ರಲ್ಲಿ ಬಂಗಾಳಿಗಳು ಒಂದು ಸಂಘ ಕಟ್ಟಿ, ಖಾಲಿ ಮನೆಗಳಿಗೆ ಹೊಕ್ಕರು. ಬ್ರಿಕ್ ಲೇನ್ ಹತ್ತಿರದ ಪೆಲಮ್ ಬಿಲ್ಡಿಂಗ್ಸ್ ಪೂರ್ತಿ ಅವರದಾಯಿತು. ಕೊನೆಗೆ ನಗರಾಡಳಿತ ಮಣಿದು ಅವರು ಕೇಳಿದ ಬೀದಿಗಳ ಆಸುಪಾಸಿನಲ್ಲೇ ಮನೆ ಕೊಡಲು ಒಪ್ಪಿತು. ‘ರೇಸ್ ಟುಡೇ’ 1988ರಲ್ಲಿ ನಿಂತಿತು. ಬ್ರಿಕ್ ಲೇನ್‌ಗೆ ಊಟಕ್ಕೆ ಹೋಗುವ ಪ್ರವಾಸಿಗರಿಗೆ ಆ ಹೆಸರು ಗೊತ್ತಿರಬೇಕು ಅಂತೇನಿಲ್ಲ. ಬೀದಿ ಮಾತ್ರ ಬಂಗಾಳಿಯಲ್ಲಿ ಮಾತಾಡುತ್ತಿದೆ.

ಕಾಗದ ಉಳಿದಿದ್ದು ಕೂಡಿಡುವ ಚಟದವರಿಂದ. ಮ್ಯಾಂಚೆಸ್ಟರಿನಲ್ಲಿ ಎಡ್ಮಂಡ್ ಫ್ರೌ ಮತ್ತು ರೂತ್ ಫ್ರೌ ಅಂತ ದಂಪತಿ ಇದ್ದರು. ಎಡ್ಮಂಡ್ ಕಾರ್ಖಾನೆ ಕಾರ್ಮಿಕ, ರೂತ್ ಶಾಲೆ ಟೀಚರ್. ಇಬ್ಬರೂ ಕಮ್ಯುನಿಸ್ಟರು. 1950ರ ದಶಕದಿಂದ ಹಳೇ ಪುಸ್ತಕದಂಗಡಿ ಸುತ್ತಿ ಕಾರ್ಮಿಕ ಚಳವಳಿಯ ಪುಸ್ತಕ, ಕರಪತ್ರ, ಬಾವುಟ, ಬಿಲ್ಲೆ ಎಲ್ಲ ತಂದು ಮನೆ ತುಂಬಿಸಿದರು. ಮನುಷ್ಯರಿಗೆ ಜಾಗ ಸಾಲದಾದಾಗ, 1987ರಲ್ಲಿ, ಪಕ್ಕದ ಸಾಲ್ಫರ್ಡ್ ನಗರಸಭೆ ಒಂದು ಕಟ್ಟಡ ಕೊಟ್ಟಿತು. ವರ್ಕಿಂಗ್ ಕ್ಲಾಸ್ ಮೂವ್‌ಮೆಂಟ್ ಲೈಬ್ರರಿ ಈಗಲೂ ಅಲ್ಲಿದೆ. ಕಮ್ಯುನಿಸ್ಟ್ ಪಕ್ಷದ ಕಡತಗಳು ಮ್ಯಾಂಚೆಸ್ಟರಿನ ಪೀಪಲ್ಸ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿವೆ. ಲಂಡನ್ನಿನಲ್ಲಿ, ಒಂದು ಕಾಲಕ್ಕೆ ದೊಡ್ಡ ದೊಡ್ಡ ಪತ್ರಿಕೆಗಳ ಬೀದಿಯಾಗಿದ್ದ ಫ್ಲೀಟ್ ಸ್ಟ್ರೀಟಿನಲ್ಲಿ, 88ನೇ ನಂಬರಿನ ಕಟ್ಟಡದಲ್ಲಿ ‘ಮೇಡೇ ರೂಮ್ಸ್’ ಇದೆ. ಪುಟ್ಟ ಗುಂಪುಗಳ ಪೆಟ್ಟಿಗೆಗಳು ಅಲ್ಲಿಗೆ ಬರುತ್ತವೆ. ಹಳಬರು ಬಂದು ಕೂತು, ಈ ಕಳ್ಳಹೆಸರು ಯಾರದ್ದು, ಈ ಮಂಗಳವಾರ ಯಾವ ವರ್ಷದ್ದು ಅಂತ ಹೇಳಿದರೆ ಪೆಟ್ಟಿಗೆಯ ಕಾಗದಕ್ಕೆ ಅರ್ಥ ಬರುತ್ತದೆ. ಆ ಹಳಬರಿಗೆ ಈಗ ಎಪ್ಪತ್ತು, ಎಂಬತ್ತು.

ಸ್ಕ್ಯಾನ್ ಮಾಡುವ ಮೊದಲು ಪಿನ್ನು ಬಿಚ್ಚಬೇಕು. ಐವತ್ತು ವರ್ಷದ ಹಿಂದೆ ಯಾರದೋ ಅಡುಗೆಮನೆ ಮೇಜಿನ ಮೇಲೆ ಹೊಡೆದ ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಾಗದಕ್ಕೇ ಅಂಟಿಕೊಂಡಿರುತ್ತೆ. ಜೋರಾಗಿ ಎಳೆದರೆ ಮೂಲೆ ಹರಿಯುತ್ತೆ. ಚಪ್ಪಟೆ ಕಡ್ಡಿಯೊಂದನ್ನು ಕೆಳಗೆ ತೂರಿಸಿ ಮೆಲ್ಲಗೆ ಎತ್ತಬೇಕು. ಪಿನ್ನು ಬಂದಮೇಲೂ ಅದು ಇದ್ದ ಜಾಗದಲ್ಲಿ ಎರಡು ಕಂದು ಚುಕ್ಕೆ ಉಳಿಯುತ್ತವೆ, ಸ್ಕ್ಯಾನಿನಲ್ಲೂ ಕಾಣುತ್ತವೆ.